ಹಣ್ಣುನೊಣದ ಆರ್‌ಎನ್‌ಎ-ಬಂಧಕ ಪ್ರೋಟೀನು ಏನು ಮಾಡುತ್ತದೆ ಎಂದು ಪತ್ತೆಹಚ್ಚುವ ಕ್ರಮ

ಒಂದು ಪ್ರೋಟೀನು ಒಂದು ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ ಎಂದು ತೋರಿಸುವುದು ಒಂದು ಕೆಲಸ. ಆ ಪ್ರೋಟೀನು ಆ ಆರ್‌ಎನ್‌ಎಯನ್ನು ಕೊಟ್ಟ ಜೀನಿನ ಅಭಿವ್ಯಕ್ತಿಯನ್ನು ನಿಯಂತ್ರಿಸುತ್ತದೆ ಎಂದು ತೋರಿಸುವುದು ಅದಕ್ಕಿಂತ ಬಹಳ ದೊಡ್ಡ ಕೆಲಸ. ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ, ತಳಿವಿಜ್ಞಾನ ಅಥವಾ ಜೈವಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವವರು ತಮ್ಮ ಪ್ರಾಜೆಕ್ಟಿಗೆ ಈ ವಿಷಯವನ್ನು ಆರಿಸಿಕೊಂಡಾಗ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದೆವೆಂದು ಬರೆದುಬಿಡುವುದು ಸಾಮಾನ್ಯ. ಈ ಲೇಖನವನ್ನು ಅಂಥ ವಿದ್ಯಾರ್ಥಿಗಳಿಗಾಗಿಯೂ ಅವರಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರಿಗಾಗಿಯೂ ಬರೆಯುತ್ತಿದ್ದೇನೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರವಷ್ಟೇ ಇರುವ ಪ್ರಯೋಗಾಲಯದಲ್ಲಿ ಏನು ಮಾಡಬಹುದು, ಏನನ್ನು ಮಾಡಲು ಬೇರೆಡೆಗೆ ಹೋಗಬೇಕು ಎಂಬುದನ್ನೂ ಆಯಾ ಹೆಜ್ಜೆಯಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಯಂತ್ರಣ ಯಾವ ಹಂತದಲ್ಲಿ ನಡೆಯುತ್ತಿದೆ ಎಂದು ಕೇಳಿಕೊಳ್ಳಿ

ಪ್ರಯೋಗಾಲಯದ ಸಾಮಾನ್ಯ ಹಣ್ಣುನೊಣವಾದ ಡ್ರೊಸೊಫಿಲ ಮೆಲನೊಗ್ಯಾಸ್ಟರ್‌ನ ಜೀನೋಮಿನ ವಿವರ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಪ್ರೋಟೀನು ತಯಾರಿಸುವ ಅದರ ಜೀನುಗಳ ಸಂಖ್ಯೆ ಸುಮಾರು 14,000. ಅವುಗಳಲ್ಲಿ ನೂರಾರು ಜೀನುಗಳು ಆರ್‌ಎನ್‌ಎಯನ್ನು ಹಿಡಿಯುವ ಪ್ರೋಟೀನುಗಳನ್ನೇ ತಯಾರಿಸುತ್ತವೆ. ಡಿಎನ್‌ಎಯಿಂದ ಆರ್‌ಎನ್‌ಎ ನಕಲಾದ ಕ್ಷಣದಿಂದ ಆ ಆರ್‌ಎನ್‌ಎ ನಾಶವಾಗುವ ತನಕ ಪ್ರತಿ ಹಂತದಲ್ಲೂ ಇಂಥ ಪ್ರೋಟೀನುಗಳ ಕೈವಾಡವಿರುತ್ತದೆ: ಇಂಟ್ರಾನ್‌ಗಳನ್ನು (ಬೇಡದ ತುಂಡುಗಳನ್ನು) ಕತ್ತರಿಸಿ ಎಕ್ಸಾನ್‌ಗಳನ್ನು (ಉಳಿಯಬೇಕಾದ ತುಂಡುಗಳನ್ನು) ಜೋಡಿಸುವ ಸ್ಪ್ಲೈಸಿಂಗ್‌ನಲ್ಲಿ, ಕೋಶಕೇಂದ್ರದಿಂದ ಹೊರಗೆ ಸಾಗಿಸುವಲ್ಲಿ, ಜೀವಕೋಶದ ಯಾವ ಮೂಲೆಯಲ್ಲಿ ಅದು ನೆಲೆಯೂರಬೇಕು ಎಂಬಲ್ಲಿ, ರೈಬೋಸೋಮು ಅದನ್ನು ಓದಿ ಪ್ರೋಟೀನಾಗಿ ಅನುವಾದಿಸಬೇಕೋ ಬೇಡವೋ ಎಂಬಲ್ಲಿ, ಕೊನೆಗೆ ಅದರ ಬಾಲವನ್ನು (ಹಿಂತುದಿಯಲ್ಲಿರುವ ಅಡೆನೊಸಿನ್‌ಗಳ ಸಾಲನ್ನು) ಮೊಟಕುಗೊಳಿಸಿ ಒಡೆಯುವಲ್ಲಿ.

ಆದ್ದರಿಂದ ನೀವು ಆರಿಸಿದ ಪ್ರೋಟೀನು ಈ ಹಂತಗಳಲ್ಲಿ ಯಾವುದರಲ್ಲಿ ಕೆಲಸ ಮಾಡುತ್ತದೆ ಎಂಬ ಊಹೆಯನ್ನು ಪ್ರಯೋಗಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಅಳೆಯಬೇಕಾದದ್ದು ಏನು ಎಂಬುದು ಆ ಊಹೆಯನ್ನು ಅವಲಂಬಿಸಿರುತ್ತದೆ. ಅನುವಾದವನ್ನು ತಡೆಯುವ ಪ್ರೋಟೀನೊಂದನ್ನು ತೆಗೆದುಹಾಕಿ ಆರ್‌ಎನ್‌ಎಯ ಪ್ರಮಾಣವನ್ನಷ್ಟೇ ಅಳೆದರೆ ಯಾವ ಬದಲಾವಣೆಯೂ ಕಾಣದೆ ಹೋಗಬಹುದು. ಆಗ ಪ್ರೋಟೀನಿಗೆ ಕೆಲಸವೇ ಇಲ್ಲವೆಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ಪ್ರೋಟೀನಿನ ರಚನೆಯನ್ನು ನೋಡಿ ಮಾತ್ರ ಹಂತವನ್ನು ನಿರ್ಧರಿಸುವುದೂ ಅಪಾಯಕರ. ಬೈಕಾಯ್ಡ್ ಎಂಬ ಪ್ರೋಟೀನಿನಲ್ಲಿರುವುದು ಡಿಎನ್‌ಎಯನ್ನು ಹಿಡಿಯುವ ಹೋಮಿಯೊಡೊಮೇನ್. ಆದರೂ ಅದೇ ಭಾಗದಿಂದ ಅದು ಭ್ರೂಣದ ಮುಂತುದಿಯಲ್ಲಿ ಕಾಡಲ್ ಎಂಬ ಜೀನಿನ ಆರ್‌ಎನ್‌ಎಯನ್ನು ಹಿಡಿದು ಅದರ ಅನುವಾದವನ್ನು ತಡೆಯುತ್ತದೆ.

ಎರಡನೆಯ ಹೆಜ್ಜೆ: ಪೂರ್ತಿ ಬಗೆಹರಿದ ಒಂದು ಉದಾಹರಣೆಯನ್ನು ಆಳವಾಗಿ ಓದಿ

ನಿಮ್ಮದೇ ಪ್ರೋಟೀನಿಗೆ ಕೈಹಾಕುವ ಮುನ್ನ ಸೆಕ್ಸ್ ಲೀಥಲ್ ಎಂಬ ಪ್ರೋಟೀನಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ತಿಳಿದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈ ಕ್ಷೇತ್ರದ ಬಹುಪಾಲು ಪಾಠಗಳು ಅದೊಂದರಲ್ಲೇ ಸಿಗುತ್ತವೆ.

ಹಣ್ಣುನೊಣದಲ್ಲಿ ಗಂಡೋ ಹೆಣ್ಣೋ ಎಂಬುದನ್ನು ವೈ ವರ್ಣತಂತು ತೀರ್ಮಾನಿಸುವುದಿಲ್ಲ. ಎರಡು ಎಕ್ಸ್ ವರ್ಣತಂತುಗಳಿರುವ ಎಳೆಯ ಭ್ರೂಣದಲ್ಲಿ ಸೆಕ್ಸ್ ಲೀಥಲ್ ಜೀನಿನ ಆರಂಭಿಕ ಪ್ರೊಮೋಟರು (ನಕಲು ಶುರುವಾಗುವ ಜಾಗ) ಸ್ವಲ್ಪ ಕಾಲ ಚಾಲೂ ಆಗಿ ಒಂದಿಷ್ಟು ಪ್ರೋಟೀನು ತಯಾರಾಗುತ್ತದೆ. ಒಂದೇ ಎಕ್ಸ್ ಇರುವ ಭ್ರೂಣದಲ್ಲಿ ಇದು ನಡೆಯುವುದಿಲ್ಲ. ಅನಂತರ ಇನ್ನೊಂದು ಪ್ರೊಮೋಟರು ಎರಡೂ ಲಿಂಗಗಳಲ್ಲಿ ಕೆಲಸ ಆರಂಭಿಸುತ್ತದೆ. ಈ ಎರಡನೆಯ ಪ್ರೊಮೋಟರಿನಿಂದ ಹುಟ್ಟುವ ಆರ್‌ಎನ್‌ಎಯಲ್ಲಿ ಮೂರನೆಯ ಎಕ್ಸಾನ್ ಒಂದು ತೊಡಕು: ಅದರೊಳಗೆ ಅನುವಾದವನ್ನು ನಿಲ್ಲಿಸುವ ಸಂಕೇತಗಳಿವೆ. ಗಂಡಿನಲ್ಲಿ ಆ ಎಕ್ಸಾನ್ ಉಳಿದುಕೊಳ್ಳುವುದರಿಂದ ಪೂರ್ತಿ ಪ್ರೋಟೀನು ತಯಾರಾಗುವುದಿಲ್ಲ. ಹೆಣ್ಣಿನಲ್ಲಿ ಮೊದಲೇ ತಯಾರಾಗಿದ್ದ ಪ್ರೋಟೀನು ತನ್ನದೇ ಜೀನಿನ ಆರ್‌ಎನ್‌ಎಗೆ ಅಂಟಿಕೊಂಡು ಮೂರನೆಯ ಎಕ್ಸಾನನ್ನು ಬಿಟ್ಟುಹೋಗುವಂತೆ ಮಾಡುತ್ತದೆ, ಆದ್ದರಿಂದ ಮತ್ತಷ್ಟು ಪ್ರೋಟೀನು ಬರುತ್ತದೆ. ಭ್ರೂಣದಲ್ಲಿ ಒಮ್ಮೆ ಆದ ನಿರ್ಧಾರವು ನೊಣದ ಜೀವಮಾನವಿಡೀ ಹೀಗೆ ತಾನಾಗಿ ಮುಂದುವರಿಯುತ್ತದೆ.

ಅಲ್ಲಿಂದ ಮುಂದಿನ ಗುರಿ ಟ್ರಾನ್ಸ್‌ಫಾರ್ಮರ್ ಎಂಬ ಜೀನು. ಅದರ ಆರ್‌ಎನ್‌ಎಯಲ್ಲಿ ಎರಡನೆಯ ಎಕ್ಸಾನ್ ಆರಂಭವಾಗಲು ಎರಡು ಜಾಗಗಳಿವೆ, ಒಂದು ಹತ್ತಿರದ್ದು, ಇನ್ನೊಂದು ದೂರದ್ದು. ಹತ್ತಿರದ ಜಾಗದ ಮುಂದೆ ಯುರಿಡಿನ್‌ಗಳ (ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಯು) ಸಾಲೊಂದಿದ್ದು, ಸಾಮಾನ್ಯವಾಗಿ ಅಲ್ಲಿ ಯು2ಎಎಫ್ ಎಂಬ ಸ್ಪ್ಲೈಸಿಂಗ್ ಘಟಕ ಬಂದು ಕೂರುತ್ತದೆ. ಹೆಣ್ಣಿನಲ್ಲಿ ಸೆಕ್ಸ್ ಲೀಥಲ್ ಪ್ರೋಟೀನು ಆ ಯುರಿಡಿನ್ ಸಾಲನ್ನು ಮೊದಲೇ ಹಿಡಿದಿರುತ್ತದೆ. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದಂತೆ, ಹಿಂದೆ ಬಂದವರು ಬೇರೆ ಸೀಟು ನೋಡಿಕೊಳ್ಳಬೇಕಾಗುತ್ತದೆ. ಯು2ಎಎಫ್ ದೂರದ ಜಾಗಕ್ಕೆ ಹೋಗುತ್ತದೆ, ನಡುವಿನ ನಿಲುಗಡೆ ಸಂಕೇತ ಹೊರಗುಳಿಯುತ್ತದೆ, ಕೆಲಸಕ್ಕೆ ಬರುವ ಟ್ರಾನ್ಸ್‌ಫಾರ್ಮರ್ ಪ್ರೋಟೀನು ಹೆಣ್ಣಿನಲ್ಲಿ ಮಾತ್ರ ತಯಾರಾಗುತ್ತದೆ.

ಈ ಟ್ರಾನ್ಸ್‌ಫಾರ್ಮರ್ ಪ್ರೋಟೀನು ಮಾಡುವುದು ತದ್ವಿರುದ್ಧವಾದ ಕೆಲಸ. ಡಬಲ್‌ಸೆಕ್ಸ್ ಜೀನಿನ ನಾಲ್ಕನೆಯ ಎಕ್ಸಾನಿನಲ್ಲಿ 13 ಅಕ್ಷರಗಳ ಒಂದು ಸಾಲು ಆರು ಬಾರಿ ಬರುತ್ತದೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಟ್ರಾನ್ಸ್‌ಫಾರ್ಮರ್-2 ಎರಡೂ ಸೇರಿ ಕೂತು, ತಾನಾಗಿಯೇ ಗುರುತಿಸಲಾಗದಷ್ಟು ದುರ್ಬಲವಾದ ಸ್ಪ್ಲೈಸ್ ಜಾಗಕ್ಕೆ ಸ್ಪ್ಲೈಸಿಂಗ್ ಯಂತ್ರವನ್ನು ಕರೆತರುತ್ತವೆ. ಹೆಣ್ಣಿನ ಡಬಲ್‌ಸೆಕ್ಸ್ ಆರ್‌ಎನ್‌ಎಯಲ್ಲಿ ನಾಲ್ಕನೆಯ ಎಕ್ಸಾನ್ ಸೇರಿಕೊಳ್ಳುವುದು ಹೀಗೆ. ಗಂಡಿನಲ್ಲಿ ಅದನ್ನು ದಾಟಿ ಐದು ಮತ್ತು ಆರನೆಯ ಎಕ್ಸಾನುಗಳು ಸೇರುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಆರ್‌ಎನ್‌ಎಯನ್ನು ಗುರುತಿಸುವ ಆರ್‌ಆರ್‌ಎಂ ಭಾಗ ಇರುವುದು ಟ್ರಾನ್ಸ್‌ಫಾರ್ಮರ್-2ರಲ್ಲಿ, ಮತ್ತು ಅದು ಗಂಡು ಹೆಣ್ಣು ಎರಡರಲ್ಲೂ ಇರುತ್ತದೆ. ಹಿಡಿಯುವ ಸಾಮರ್ಥ್ಯ ಎರಡೂ ಕಡೆ ಇದ್ದರೂ ಫಲಿತಾಂಶ ಒಂದು ಕಡೆ ಮಾತ್ರ ಬರುತ್ತದೆ.

ಸೆಕ್ಸ್ ಲೀಥಲ್‌ನ ಮೂರನೆಯ ಗುರಿ ಎಂಎಸ್‌ಎಲ್-2 ಎಂಬ ಜೀನು. ಗಂಡು ನೊಣದಲ್ಲಿ ಎಂಎಸ್‌ಎಲ್-2 ಇರುವ ಪ್ರೋಟೀನು ಸಮೂಹವು ರಾಕ್ಸ್ ಎಂಬ ಆರ್‌ಎನ್‌ಎಗಳೊಡನೆ ಸೇರಿ, ಇರುವ ಒಂದೇ ಎಕ್ಸ್ ವರ್ಣತಂತುವಿನಿಂದ ಸುಮಾರು ಇಮ್ಮಡಿ ನಕಲಾಗುವಂತೆ ಮಾಡುತ್ತದೆ. ಹೆಣ್ಣಿನಲ್ಲಿ ಇದು ನಡೆದರೆ ಸಾವು ಖಚಿತ. ಆದ್ದರಿಂದ ಸೆಕ್ಸ್ ಲೀಥಲ್ ಪ್ರೋಟೀನು ಎಂಎಸ್‌ಎಲ್-2 ಆರ್‌ಎನ್‌ಎಯ ಮುಂಭಾಗದ ಇಂಟ್ರಾನನ್ನು ಕತ್ತರಿಸದಂತೆ ತಡೆದು, ಬಳಿಕ ಕೋಶರಸದಲ್ಲಿ ಅದೇ ಆರ್‌ಎನ್‌ಎಯ ಎರಡೂ ತುದಿಗಳ ಅನುವಾದವಾಗದ ಭಾಗಗಳನ್ನು ಹಿಡಿಯುತ್ತದೆ. ಹಿಂತುದಿಯಲ್ಲಿ ಅನ್ರ್ ಎಂಬ ಜೊತೆಗಾರನೊಡನೆ ಸೇರಿ ರೈಬೋಸೋಮಿನ ಚಿಕ್ಕ ಘಟಕ ಬಂದು ಕೂರದಂತೆ ನೋಡಿಕೊಳ್ಳುತ್ತದೆ; ಹೇಗೋ ಕೂತುಕೊಂಡ ಘಟಕ ಮುಂದೆ ಸರಿಯದಂತೆ ಮುಂತುದಿಯಲ್ಲಿ ತಡೆಯುತ್ತದೆ. ಅನ್ರ್ ಕೂಡ ಎರಡೂ ಲಿಂಗಗಳಲ್ಲಿ ಇರುವ ಪ್ರೋಟೀನೇ. ಒಂದೇ ಪ್ರೋಟೀನು ಒಂದು ಗುರಿಯಲ್ಲಿ ಸ್ಪ್ಲೈಸಿಂಗನ್ನೂ ಇನ್ನೊಂದರಲ್ಲಿ ಅನುವಾದವನ್ನೂ ನಿಯಂತ್ರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಹಾಗಾಗಿ ಒಂದು ಗುರಿಯಲ್ಲಿ ಕಂಡದ್ದನ್ನು ಮತ್ತೊಂದಕ್ಕೆ ಅನ್ವಯಿಸುವಾಗ ಹೊಸದಾಗಿ ಪರೀಕ್ಷಿಸಲೇಬೇಕು.

ಪ್ರಭೇದ ಬದಲಾದಾಗಲೂ ಇದೇ ಎಚ್ಚರ ಇರಬೇಕು. ಮನೆನೊಣದಲ್ಲಿ ಸೆಕ್ಸ್ ಲೀಥಲ್‌ಗೆ ಸಮನಾದ ಜೀನು ಇದ್ದರೂ ಅದು ಗಂಡು ಹೆಣ್ಣುಗಳಲ್ಲಿ ಒಂದೇ ಬಗೆಯ ಪ್ರೋಟೀನನ್ನು ಕೊಡುತ್ತದೆ, ಲಿಂಗವನ್ನು ನಿರ್ಧರಿಸುವುದಿಲ್ಲ. ಮೈಸೂರಿನಲ್ಲಿ ನಸುಟ ಗುಂಪಿನಂಥ ಬೇರೆ ಡ್ರೊಸೊಫಿಲ ಪ್ರಭೇದಗಳ ಮೇಲೆ ದಶಕಗಳಿಂದ ಕೆಲಸ ನಡೆದಿರುವುದರಿಂದ ಅವುಗಳಲ್ಲಿ ಈ ಪ್ರಯೋಗ ಮಾಡುವ ಆಸೆ ಸಹಜ, ಒಳ್ಳೆಯದೂ ಹೌದು. ಆದರೆ ಮೆಲನೊಗ್ಯಾಸ್ಟರ್‌ಗೆ ರೂಪಿಸಿದ ಪ್ರೈಮರುಗಳು (ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಅಲ್ಲಿ ಹೊಂದಿಕೊಳ್ಳುತ್ತವೆ ಎಂದು ಭಾವಿಸದೆ ಆಯಾ ಪ್ರಭೇದದ ಅಕ್ಷರಸಾಲನ್ನು ನೋಡಿಯೇ ಮುಂದುವರಿಯಿರಿ.

ಮೂರನೆಯ ಹೆಜ್ಜೆ: ನೊಣಗಳನ್ನು ಒಂದೇ ಸ್ಥಿತಿಯಲ್ಲಿ ಬೆಳೆಸಿ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿರುವ, ನೊಣದ ತಳಿಗಳನ್ನು ಕಾಪಾಡುವ ಡ್ರೊಸೊಫಿಲ ಸ್ಟಾಕ್ ಸೆಂಟರು ನಮ್ಮ ಭಾಗದವರಿಗೆ ದೊಡ್ಡ ಅನುಕೂಲ. ಸಾಮಾನ್ಯ ತಳಿಗಳಿಗೂ ಸಾಕುವ ಕ್ರಮ ಕಲಿಯುವುದಕ್ಕೂ ಮೊದಲು ಅಲ್ಲಿ ವಿಚಾರಿಸಿ. ಮೈಸೂರಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಆಹಾರ ರವೆ ಮತ್ತು ಅಗರ್‌ನದು: 1000 ಮಿ.ಲೀ. ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್ ಹಾಕಿ ಗಂಟಾಗದಂತೆ ಕೈಯಾಡಿಸುತ್ತ ಕುದಿಸಿ, ಇಳಿಸಿ, ಸ್ವಲ್ಪ ಆರಿದ ಮೇಲೆ ಬೂಷ್ಟು ಬಾರದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ ಸೇರಿಸಬೇಕು. ಬಾಟಲಿಗಳಿಗೆ ಸುರಿದು ತಣಿದ ನಂತರ ಮೇಲೆ ಕೆಲವು ಕಾಳು ಯೀಸ್ಟ್ ಉದುರಿಸಿ ಹತ್ತಿಯ ಬಿರಡೆ ಹಾಕುತ್ತಾರೆ. ಮಂಡ್ಯದ ಬೆಲ್ಲ ಕೈಗೆ ಸಿಗುವ ದೂರದಲ್ಲಿದ್ದರೂ ಆಲೆಮನೆಯಿಂದ ಆಲೆಮನೆಗೆ, ಹಂಗಾಮಿನಿಂದ ಹಂಗಾಮಿಗೆ ಅದರ ಗುಣ ಬದಲಾಗುತ್ತದೆ. ಬಣ್ಣಕ್ಕಾಗಿ ರಾಸಾಯನಿಕ ಬೆರೆಸಿದ್ದನ್ನು ತರಬೇಡಿ, ಮತ್ತು ಒಂದು ಪ್ರಯೋಗಕ್ಕೆ ಬೇಕಾಗುವಷ್ಟನ್ನು ಒಂದೇ ಸಲ ಕೊಂಡಿಟ್ಟುಕೊಳ್ಳಿ. ಆಹಾರ ಬದಲಾದರೆ ನೂರಾರು ಜೀನುಗಳ ಅಭಿವ್ಯಕ್ತಿ ಬದಲಾಗುತ್ತದೆ, ನಿಮ್ಮ ಪ್ರೋಟೀನಿಗೂ ಅದಕ್ಕೂ ಸಂಬಂಧವೇ ಇರದಿದ್ದರೂ ಸಹ.

ಉಷ್ಣತೆಯನ್ನು 25 ಡಿಗ್ರಿಯಲ್ಲಿ ಇಟ್ಟರೆ ಮೊಟ್ಟೆಯಿಂದ ಪ್ರೌಢ ನೊಣದವರೆಗೆ ಸುಮಾರು 10 ದಿನ. ಏಪ್ರಿಲ್‌ನಲ್ಲಿ ಮೈಸೂರಿನ ಕೋಣೆಯ ಉಷ್ಣತೆ ಇದಕ್ಕಿಂತ ಬಹಳ ಮೇಲಿರುತ್ತದೆ, ಹಾಗಾಗಿ ಇನ್‌ಕ್ಯುಬೇಟರು ಅನಿವಾರ್ಯ. ಅಡ್ಡತಳಿಗೆ ಬೇಕಾದ ಕನ್ಯೆ ಹೆಣ್ಣುಗಳನ್ನು ಪ್ಯೂಪದಿಂದ ಹೊರಬಂದ 8 ಗಂಟೆಯೊಳಗೆ ಬೇರ್ಪಡಿಸಬೇಕು. ಗಂಡನ್ನು ಗುರುತಿಸಲು ಮುಂಗಾಲಿನಲ್ಲಿ ಬಾಚಣಿಗೆಯಂತೆ ಕಾಣುವ ಕಪ್ಪು ಬಿರುಗೂದಲ ಸಾಲನ್ನೂ ಹೊಟ್ಟೆಯ ಕಪ್ಪು ತುದಿಯನ್ನೂ ನೋಡಬೇಕು. ಈಗಷ್ಟೇ ಹೊರಬಂದ ಗಂಡಿನ ಹೊಟ್ಟೆಗೆ ಬಣ್ಣ ಬಂದಿರುವುದಿಲ್ಲವಾದ್ದರಿಂದ ಬಾಚಣಿಗೆಯನ್ನೇ ನಂಬುವುದು ಒಳ್ಳೆಯದು. ಆರ್‌ಎನ್‌ಎ ತೆಗೆಯಲಿರುವ ನೊಣಗಳಿಗೆ ಈಥರ್ ಹಾಕದೆ ನೇರವಾಗಿ ಘನೀಕರಿಸಿ.

ನಾಲ್ಕನೆಯ ಹೆಜ್ಜೆ: ಪ್ರೋಟೀನು ಮತ್ತು ಆರ್‌ಎನ್‌ಎ ಒಂದೇ ಜೀವಕೋಶದಲ್ಲಿ ಭೇಟಿಯಾಗುತ್ತವೆಯೇ

ಇದನ್ನು ಬಹಳ ಜನ ಪರೀಕ್ಷಿಸುವುದೇ ಇಲ್ಲ. ಇಡೀ ನೊಣವನ್ನು ಅರೆದು ತೆಗೆದ ಸಾರದಲ್ಲಿ ಎರಡೂ ಸಿಕ್ಕಿದವೆಂದರೆ ಎರಡೂ ಒಂದೇ ಜೀವಕೋಶದಲ್ಲಿ ಇದ್ದವೆಂದು ಅರ್ಥವಾಗುವುದಿಲ್ಲ. ಎಲಾವ್ ಎಂಬ ಪ್ರೋಟೀನು ಮುಖ್ಯವಾಗಿ ನರಕೋಶಗಳಲ್ಲಿ ಇರುತ್ತದೆ. ಅದರ ಗುರಿಯೆಂದು ಹೇಳುವ ಆರ್‌ಎನ್‌ಎ ಸ್ನಾಯುವಿನಲ್ಲಷ್ಟೇ ಇದ್ದರೆ ಸಂಬಂಧ ಕಲ್ಪಿಸುವಂತಿಲ್ಲ. ಫ್ಲೈಬೇಸ್ ಜಾಲತಾಣದಲ್ಲಿ ಯಾವ ಜೀನು ಯಾವ ಅಂಗಾಂಶದಲ್ಲಿ, ಯಾವ ವಯಸ್ಸಿನಲ್ಲಿ ವ್ಯಕ್ತವಾಗುತ್ತದೆ ಎಂಬ ಮಾಹಿತಿ ಉಚಿತವಾಗಿ ಸಿಗುತ್ತದೆ. ಅದನ್ನು ಮೊದಲು ನೋಡಿ. ಆಮೇಲೆ ಆ ಪ್ರೋಟೀನನ್ನಷ್ಟೇ ಹಿಡಿಯುವ ಪ್ರತಿಕಾಯದಿಂದ (ಆಂಟಿಬಾಡಿ) ಬಣ್ಣಹಚ್ಚಿ ಪ್ರೋಟೀನನ್ನೂ, ಪೂರಕ ಎಳೆಯಿಂದ ಆರ್‌ಎನ್‌ಎಯನ್ನೂ ಒಂದೇ ಅಂಗಾಂಶದಲ್ಲಿ ತೋರಿಸಿ. ಇದನ್ನು ಕಲಿಯಲು ಅಂಡಾಶಯ ಅತ್ಯುತ್ತಮ: ಒಂದೊಂದು ಅಂಡಕೋಶಿಕೆಯಲ್ಲಿ 15 ಪೋಷಕ ಜೀವಕೋಶಗಳೂ ಒಂದು ಅಂಡವೂ ಇದ್ದು, ಪೋಷಕ ಕೋಶಗಳಲ್ಲಿ ತಯಾರಾದ ಆರ್‌ಎನ್‌ಎಗಳು ಅಂಡದೊಳಗೆ ಹರಿದು ನಿಗದಿತ ತುದಿಗೆ ಸೇರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು.

ಐದನೆಯ ಹೆಜ್ಜೆ: ಪ್ರೋಟೀನನ್ನು ಕಡಿಮೆ ಮಾಡಿ ಏನಾಗುತ್ತದೆ ನೋಡಿ

ಆ ಪ್ರೋಟೀನಿನ ಜೀನು ಕೆಟ್ಟಿರುವ ಉತ್ಪರಿವರ್ತಿತ ತಳಿ ಸಿಕ್ಕರೆ ಸರಿ. ಇಲ್ಲವಾದರೆ 1993ರಲ್ಲಿ ಬ್ರ್ಯಾಂಡ್ ಮತ್ತು ಪೆರಿಮನ್ ನೊಣಕ್ಕೆ ಅಳವಡಿಸಿದ ಗ್ಯಾಲ್4-ಯುಎಎಸ್ ವ್ಯವಸ್ಥೆಯಿಂದ ಬೇಕಾದ ಅಂಗಾಂಶದಲ್ಲಿ ಮಾತ್ರ ಆರ್‌ಎನ್‌ಎಐ (ಜೋಡಿ ಎಳೆಯ ಆರ್‌ಎನ್‌ಎಯಿಂದ ಒಂದು ಜೀನಿನ ಆರ್‌ಎನ್‌ಎಯನ್ನು ನಾಶಮಾಡಿಸುವ ಕ್ರಮ) ಮಾಡಿ ಆ ಪ್ರೋಟೀನನ್ನು ತಗ್ಗಿಸಬಹುದು. ಒಂದು ತಳಿಯ ನೊಣ ಗ್ಯಾಲ್4 ಪ್ರೋಟೀನನ್ನು ನರಕೋಶದಲ್ಲೋ ಅಂಡಾಶಯದಲ್ಲೋ ತಯಾರಿಸುತ್ತದೆ, ಇನ್ನೊಂದು ತಳಿಯಲ್ಲಿ ಗ್ಯಾಲ್4 ಬಂದು ಕೂತಾಗ ಚಾಲೂ ಆಗುವ ಯುಎಎಸ್‌ನ ಕೆಳಗೆ ಆರ್‌ಎನ್‌ಎಐ ಅಕ್ಷರಸಾಲು ಇರುತ್ತದೆ, ಎರಡೂ ಸೇರಿದ ಮರಿಗಳಲ್ಲಿ ಪರಿಣಾಮ ಕಾಣುತ್ತದೆ. ಅಂಡಾಶಯದ ಜನನಕೋಶಗಳಲ್ಲಿ ಹಳೆಯ ಬಗೆಯ ಉದ್ದ ಹೇರ್‌ಪಿನ್ (ತನ್ನ ಮೇಲೇ ಮಡಚಿಕೊಳ್ಳುವ ಆರ್‌ಎನ್‌ಎ) ತಳಿಗಳು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅಲ್ಲಿಗೆ ಚಿಕ್ಕ ಹೇರ್‌ಪಿನ್ ತಳಿಗಳನ್ನೇ ತರಿಸಬೇಕು. ಜೀನು ಸೇರಿಸಿದ ನೊಣಗಳ ಕೆಲಸಕ್ಕೆ ಜೀನು ಬದಲಿಸಿದ ಜೀವಿಗಳ ಕುರಿತ ಭಾರತದ 1989ರ ನಿಯಮಗಳಡಿ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಹೊಸ ಜೀನು ಸೇರಿಸಿದ ತಳಿಯೇ ಬೇಕಾದರೆ ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಸಂಶೋಧನಾ ಸೇವಾ ಕೇಂದ್ರದ ನೊಣ ವಿಭಾಗದಲ್ಲಿ ಆ ಸೇವೆಯಿದೆ. ಹೊರದೇಶದ ಸ್ಟಾಕ್ ಸೆಂಟರುಗಳಿಂದ ತರಿಸುವುದಾದರೆ ಆಮದಿನ ಕಾಗದಪತ್ರಗಳಿಗೆ ಸಮಯ ಹಿಡಿಯುವುದರಿಂದ ಸೆಮಿಸ್ಟರಿನ ಆರಂಭದಲ್ಲೇ ಅರ್ಜಿ ಹಾಕಿ.

ಹೋಲಿಕೆಗೆ ಗ್ಯಾಲ್4 ಮಾತ್ರ ಇರುವ ಮರಿಗಳನ್ನೂ ಯುಎಎಸ್ ಮಾತ್ರ ಇರುವ ಮರಿಗಳನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಒಂದೇ ಜೀನಿನ ಬೇರೆ ಬೇರೆ ಭಾಗವನ್ನು ಗುರಿಮಾಡುವ ಎರಡು ಆರ್‌ಎನ್‌ಎಐ ತಳಿಗಳಲ್ಲಿ ಒಂದೇ ಫಲ ಬಂದರಷ್ಟೇ ನಂಬಬೇಕು. ತಾಯಿಯಿಂದ ಮೊಟ್ಟೆಗೆ ಬರುವ ಆರ್‌ಎನ್‌ಎ ಮತ್ತು ಪ್ರೋಟೀನುಗಳ ವಿಷಯದಲ್ಲಿ ಅಡ್ಡತಳಿಯ ದಿಕ್ಕೇ ಮುಖ್ಯ: ನ್ಯಾನೋಸ್ ಎಂಬ ಪ್ರೋಟೀನು ಇಲ್ಲದ ತಾಯಿ ಇಟ್ಟ ಮೊಟ್ಟೆಯಲ್ಲಿ, ತಂದೆ ಎಂಥವನೇ ಇರಲಿ, ಭ್ರೂಣಕ್ಕೆ ಹೊಟ್ಟೆಯ ಖಂಡಗಳು ಮೂಡುವುದಿಲ್ಲ.

ನೊಣ ಸತ್ತಿತು, ಆದ್ದರಿಂದ ಪ್ರೋಟೀನು ಇಂಥ ಜೀನನ್ನು ನಿಯಂತ್ರಿಸುತ್ತದೆ ಎಂಬ ವಾದ ನಿಲ್ಲುವುದಿಲ್ಲ. ಸಾಯುವ ಜೀವಕೋಶದಲ್ಲಿ ಎಲ್ಲವೂ ಏರುಪೇರಾಗಿರುತ್ತದೆ. ಇದರಿಂದ ಪಾರಾಗಲು ತಂಪಿನಲ್ಲಿ ಗ್ಯಾಲ್4ನ್ನು ತಡೆದು ಬಿಸಿಯಲ್ಲಿ ಬಿಟ್ಟುಕೊಡುವ ಗ್ಯಾಲ್80 ಪ್ರೋಟೀನನ್ನು ಬಳಸಿ ನೊಣಗಳನ್ನು 18 ಡಿಗ್ರಿಯಲ್ಲಿ ಪ್ರೌಢಾವಸ್ಥೆಗೆ ತಂದು, ಬಳಿಕ 29 ಡಿಗ್ರಿಗೆ ವರ್ಗಾಯಿಸಿ, ಕಡಿಮೆ ಅವಧಿಯಲ್ಲಿ ಕಾಣುವ ಬದಲಾವಣೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೋಲಿಕೆಯ ನೊಣಗಳನ್ನೂ ಅಷ್ಟೇ ಹೊತ್ತು 29 ಡಿಗ್ರಿಯಲ್ಲಿ ಇಡುವುದನ್ನು ಮರೆಯಬಾರದು.

ಆರನೆಯ ಹೆಜ್ಜೆ: ಆರ್‌ಎನ್‌ಎಯಲ್ಲಾದ ಬದಲಾವಣೆಯನ್ನು ಅಳೆಯಿರಿ

ಸಾಮಾನ್ಯ ಕಾಲೇಜಿನ ಪ್ರಯೋಗಾಲಯದಲ್ಲೇ ಪೂರ್ತಿಯಾಗಿ ಮಾಡಬಹುದಾದ, ಎಲ್ಲರೂ ಮೊದಲು ಮಾಡಲೇಬೇಕಾದ ಪ್ರಯೋಗವೆಂದರೆ ಸೆಕ್ಸ್ ಲೀಥಲ್‌ನ ಆರ್‌ಟಿ-ಪಿಸಿಆರ್, ಅಂದರೆ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸಿ ಪಿಸಿಆರ್ ಮಾಡುವುದು. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಟ್ಯೂಬುಗಳಲ್ಲಿ ಅರೆದು ಟ್ರೈಜಾಲ್ ದ್ರಾವಣದಿಂದ ಆರ್‌ಎನ್‌ಎ ತೆಗೆಯಿರಿ, ಡಿಎನ್‌ಎಏಸ್ ಕಿಣ್ವದಿಂದ ಉಳಿದ ಡಿಎನ್‌ಎಯನ್ನು ನಾಶಮಾಡಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿಕೊಳ್ಳಿ. ಒಂದು ಪ್ರೈಮರು ಎರಡನೆಯ ಎಕ್ಸಾನಿನಲ್ಲಿಯೂ ಇನ್ನೊಂದು ನಾಲ್ಕನೆಯ ಎಕ್ಸಾನಿನಲ್ಲಿಯೂ ಇರಲಿ. ಅಗರೋಸ್ ಜೆಲ್ಲಿನಲ್ಲಿ ಓಡಿಸಿದಾಗ ಗಂಡಿನ ಪಟ್ಟಿ ಮೂರನೆಯ ಎಕ್ಸಾನಿನಷ್ಟು ಉದ್ದವಾಗಿದ್ದು ಮೇಲೆ ನಿಲ್ಲುತ್ತದೆ, ಹೆಣ್ಣಿನ ಪಟ್ಟಿ ಕೆಳಗೆ ಬರುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬಿನಲ್ಲಿ ಏನೂ ಬರಬಾರದು. ಬಂದರೆ ಡಿಎನ್‌ಎ ಉಳಿದಿದೆ ಎಂದು ತಿಳಿದು ಮತ್ತೆ ಶುರುಮಾಡಿ. ಪ್ರಮಾಣ ಹೋಲಿಸಲು ಆರ್‌ಪಿ49 ಎಂದು ಹಳೆಯ ಲೇಖನಗಳಲ್ಲಿ ಕರೆಯುವ ಆರ್‌ಪಿಎಲ್32 ಜೀನನ್ನು ಬಳಸುವುದು ರೂಢಿ.

ಆರ್‌ಎನ್‌ಎಯ ಗುಣಮಟ್ಟ ನೋಡುವಾಗ ಹೊಸಬರನ್ನು ಕಂಗೆಡಿಸುವ ಒಂದು ಸಂಗತಿಯಿದೆ. ಕೀಟಗಳ ರೈಬೋಸೋಮಿನ ದೊಡ್ಡ ಆರ್‌ಎನ್‌ಎಯಾದ 28ಎಸ್‌ನ ನಡುವೆ ಒಂದು ಸೀಳು ಇರುವುದರಿಂದ, ಬಿಸಿಮಾಡಿ ಬಿಡಿಸಿದಾಗ ಅದು ಎರಡು ತುಂಡಾಗಿ ಚಿಕ್ಕದಾದ 18ಎಸ್‌ನ ಜೊತೆಗೇ ಓಡುತ್ತದೆ. ಮನುಷ್ಯ ಅಥವಾ ಇಲಿಯ ಮಾದರಿಯಲ್ಲಿ ಕಾಣುವ ಎರಡು ಸ್ಪಷ್ಟ ಪಟ್ಟಿಗಳು ನೊಣದಲ್ಲಿ ಒಂದಾಗಿ ಕಂಡರೆ ಮಾದರಿ ಹಾಳಾಯಿತೆಂದು ಎಸೆಯಬೇಡಿ.

ಸ್ಪ್ಲೈಸಿಂಗ್ ಬಿಟ್ಟು ಬೇರೆ ಹಂತಗಳನ್ನು ಅಳೆಯಲು ಹೆಚ್ಚಿನ ಸಲಕರಣೆ ಬೇಕು. ಆರ್‌ಎನ್‌ಎಯ ಆಯುಷ್ಯ ತಿಳಿಯಲು ಪ್ರಯೋಗಾಲಯದಲ್ಲಿ ಬೆಳೆಸುವ ನೊಣದ ಎಸ್2 ಜೀವಕೋಶಗಳಲ್ಲಿ ಆಕ್ಟಿನೊಮೈಸಿನ್ ಡಿ ಹಾಕಿ ಹೊಸ ನಕಲನ್ನು ನಿಲ್ಲಿಸಿ, ಉಳಿದದ್ದು ಎಷ್ಟು ಬೇಗ ಕರಗುತ್ತದೆ ಎಂದು ಗಂಟೆಗಂಟೆಗೆ ನೋಡುತ್ತಾರೆ. ಅನುವಾದಕ್ಕೆ ಸಕ್ಕರೆಯ ಗ್ರೇಡಿಯಂಟಿನಲ್ಲಿ ರೈಬೋಸೋಮುಗಳನ್ನು ಬೇರ್ಪಡಿಸಿ, ನಿಮ್ಮ ಆರ್‌ಎನ್‌ಎ ಹಲವು ರೈಬೋಸೋಮುಗಳು ಹತ್ತಿದ ಭಾಗದಲ್ಲಿದೆಯೋ ಒಂದೂ ಹತ್ತದ ಭಾಗದಲ್ಲಿದೆಯೋ ಎಂದು ನೋಡಬೇಕು.

ಏಳನೆಯ ಹೆಜ್ಜೆ: ನೇರವಾಗಿ ಹಿಡಿಯುತ್ತದೆಯೇ

ಬಹಳಷ್ಟು ಪ್ರಾಜೆಕ್ಟುಗಳು ಅಕ್ಷರಸಾಲನ್ನು ಹುಡುಕುವುದರಲ್ಲೇ ನಿಂತುಬಿಡುತ್ತವೆ. ಪುಮಿಲಿಯೊ ಪ್ರೋಟೀನು ಗುರುತಿಸುವ ಸಾಲು ಯು-ಜಿ-ಯು-ಎ, ಅನಂತರ ಯಾವುದಾದರೊಂದು ಅಕ್ಷರ, ಆಮೇಲೆ ಎ-ಯು-ಎ. ಎಂಟರಲ್ಲಿ ಏಳು ಅಕ್ಷರಗಳು ಮಾತ್ರ ನಿಗದಿಯಾಗಿವೆ. ನಾಲ್ಕು ಅಕ್ಷರಗಳು ಸಮಪ್ರಮಾಣದಲ್ಲಿವೆಯೆಂದು ಇಟ್ಟುಕೊಂಡರೆ ಕೇವಲ ಆಕಸ್ಮಿಕವಾಗಿಯೇ ಪ್ರತಿ 16,384 ಅಕ್ಷರಗಳಿಗೆ ಒಮ್ಮೆ ಈ ಸಾಲು ಬರುತ್ತದೆ. ಸಾವಿರಾರು ಜೀನುಗಳ ಹಿಂತುದಿಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿದರೆ ಅರ್ಥವಿಲ್ಲದ ಸಾಲುಗಳೂ ರಾಶಿ ಸಿಗುತ್ತವೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಹುಡುಕಾಟ ಊಹೆಗೆ ದಾರಿ; ಪುರಾವೆಯನ್ನು ಬೇರೆಯಾಗಿ ಒದಗಿಸಬೇಕು.

ಜೀವಕೋಶದೊಳಗಿನ ಬಂಧನವನ್ನು ತೋರಿಸಲು ಪ್ರತಿಕಾಯದಿಂದ ಪ್ರೋಟೀನನ್ನು ಎಳೆದು ಅದರ ಜೊತೆ ಬಂದ ಆರ್‌ಎನ್‌ಎಯನ್ನು ಗುರುತಿಸುವ ರಿಪ್ ವಿಧಾನ ಸುಲಭ, ಆದರೆ ಜೀವಕೋಶ ಒಡೆದ ಮೇಲೆ ಹೊಸದಾಗಿ ಅಂಟಿಕೊಂಡದ್ದೂ ಅದರಲ್ಲಿ ಸೇರಿಬಿಡುತ್ತದೆ. ಕ್ಲಿಪ್ ವಿಧಾನದಲ್ಲಿ 254 ನ್ಯಾನೊಮೀಟರಿನ ನೇರಳಾತೀತ ಬೆಳಕಿನಿಂದ ಜೀವಂತ ಸ್ಥಿತಿಯಲ್ಲೇ ಪ್ರೋಟೀನು ಮತ್ತು ಆರ್‌ಎನ್‌ಎಯನ್ನು ಬೆಸೆದಿಡುವುದರಿಂದ ಕಟ್ಟುನಿಟ್ಟಾಗಿ ತೊಳೆಯಬಹುದು, ಹಿಡಿದ ಜಾಗವನ್ನೂ ಸರಿಸುಮಾರಾಗಿ ಗುರುತಿಸಬಹುದು. ಪ್ರತಿಕಾಯ ಸಿಗದ ಪ್ರೋಟೀನಿಗೆ ಟ್ರೈಬ್ ಎಂಬ ಹೊಸ ವಿಧಾನವಿದೆ: ಆರ್‌ಎನ್‌ಎಯನ್ನು ತಿದ್ದುವ ಎಡಾರ್ ಕಿಣ್ವದ ಭಾಗವನ್ನು ನಿಮ್ಮ ಪ್ರೋಟೀನಿಗೆ ಜೋಡಿಸಿದರೆ, ಅದು ಹಿಡಿದ ಕಡೆಯಲ್ಲೆಲ್ಲ ಅಡೆನೊಸಿನ್ ಬದಲಾಗಿ, ಸೀಕ್ವೆನ್ಸಿಂಗ್‌ನಲ್ಲಿ ಗ್ವಾನೊಸಿನ್ ಎಂದು ಓದಿಸಿಕೊಳ್ಳುತ್ತದೆ. ಇವು ಯಾವುವೂ ಕೈಗೆಟುಕದಿದ್ದರೆ ಶುದ್ಧೀಕರಿಸಿದ ಪ್ರೋಟೀನನ್ನೂ ಚಿಕ್ಕ ಆರ್‌ಎನ್‌ಎ ತುಣುಕನ್ನೂ ಬೆರೆಸಿ ಜೆಲ್ಲಿನಲ್ಲಿ ಪಟ್ಟಿ ನಿಧಾನವಾಗುವುದನ್ನು ತೋರಿಸುವ ಹಳೆಯ ಕ್ರಮವೇ ಸಾಕು. ಜೊತೆಗೆ ಅಕ್ಷರ ಬದಲಿಸಿದ ತುಣುಕಿನಲ್ಲಿ ಅದು ನಿಧಾನವಾಗುವುದಿಲ್ಲ ಎಂಬುದನ್ನೂ ತೋರಿಸಬೇಕು.

ಎಂಟನೆಯ ಹೆಜ್ಜೆ: ಜಾಗವನ್ನು ಕೆಡಿಸಿ, ಜೊತೆಗಾರನನ್ನು ಹುಡುಕಿ

ಇಡೀ ಕೆಲಸದ ತಿರುಳು ಈ ಹೆಜ್ಜೆಯಲ್ಲಿದೆ ಎಂದು ನಾನು ನಂಬುತ್ತೇನೆ. ತಾಯಿಯಿಂದ ಬಂದ, ಹಂಚ್‌ಬ್ಯಾಕ್ ಎಂಬ ಜೀನಿನ ಆರ್‌ಎನ್‌ಎ ಭ್ರೂಣದ ಉದ್ದಕ್ಕೂ ಹರಡಿರುತ್ತದೆ. ಪುಮಿಲಿಯೊ ಪ್ರೋಟೀನೂ ಉದ್ದಕ್ಕೂ ಇರುತ್ತದೆ. ಹಾಗಿದ್ದರೂ ಹಂಚ್‌ಬ್ಯಾಕ್‌ನ ಅನುವಾದ ನಿಲ್ಲುವುದು ಹಿಂಭಾಗದಲ್ಲಿ ಮಾತ್ರ, ಏಕೆಂದರೆ ಪುಮಿಲಿಯೊ ಜೊತೆ ಸೇರಬೇಕಾದ ನ್ಯಾನೋಸ್ ಪ್ರೋಟೀನು ಇರುವುದು ಅಲ್ಲಿ ಮಾತ್ರ. ಹಂಚ್‌ಬ್ಯಾಕ್ ಆರ್‌ಎನ್‌ಎಯ ಹಿಂತುದಿಯಲ್ಲಿರುವ ಎರಡು ಚಿಕ್ಕ ಸಾಲುಗಳನ್ನು ಕೆಡಿಸಿದಾಗ ನ್ಯಾನೋಸ್ ಮತ್ತು ಪುಮಿಲಿಯೊ ಎರಡೂ ಇದ್ದರೂ ಹಂಚ್‌ಬ್ಯಾಕ್ ಪ್ರೋಟೀನು ಹಿಂಭಾಗದಲ್ಲಿ ತಯಾರಾಗುತ್ತದೆ ಎಂದು 1991ರಲ್ಲಿ ವಾರ್ಟನ್ ಮತ್ತು ಸ್ಟ್ರೂಲ್ ತೋರಿಸಿದರು. ಪ್ರೋಟೀನನ್ನು ತೆಗೆದಾಗ ಕಾಣುವ ಫಲವೂ ಜಾಗವನ್ನು ಕೆಡಿಸಿದಾಗ ಕಾಣುವ ಫಲವೂ ಒಂದೇ ಆದಾಗ, ಆ ಜಾಗದ ಮೂಲಕವೇ ಆ ಪ್ರೋಟೀನು ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರ ಸಿಗುತ್ತದೆ.

ನ್ಯಾನೋಸ್ ತಾನೇ ಹಿಂಭಾಗದಲ್ಲಿ ಮಾತ್ರ ಇರಲು ಕಾರಣವೂ ಇಂಥದೇ ನಿಯಂತ್ರಣ. ನ್ಯಾನೋಸ್ ಆರ್‌ಎನ್‌ಎಯ ಸುಮಾರು 4 ಶೇಕಡಾ ಮಾತ್ರ ಹಿಂತುದಿಯಲ್ಲಿ ನೆಲೆಯೂರಿರುತ್ತದೆ, ಉಳಿದದ್ದು ಭ್ರೂಣದಲ್ಲೆಲ್ಲ ಚದುರಿರುತ್ತದೆ. ಚದುರಿದ ಆರ್‌ಎನ್‌ಎಯ ಹೇರ್‌ಪಿನ್ ಆಕಾರದ ಭಾಗಗಳನ್ನು ಸ್ಮೌಗ್ ಪ್ರೋಟೀನು ಹಿಡಿದು, ಕಪ್ ಎಂಬ ಪ್ರೋಟೀನಿನ ನೆರವಿನಿಂದ ಅನುವಾದವನ್ನು ತಡೆಯುತ್ತದೆ, ಸಿಸಿಆರ್4-ನಾಟ್ ಸಮೂಹವನ್ನು ಕರೆತಂದು ಬಾಲವನ್ನೂ ಕತ್ತರಿಸುತ್ತದೆ. ಹಿಂತುದಿಯಲ್ಲಿ ಆಸ್ಕರ್ ಪ್ರೋಟೀನು ಸ್ಮೌಗನ್ನು ತಡೆದು ಆ ಚಿಕ್ಕ ಪಾಲನ್ನು ಕಾಪಾಡುತ್ತದೆ. ನ್ಯಾನೋಸ್ ಆರ್‌ಎನ್‌ಎಯ ಒಟ್ಟು ಪ್ರಮಾಣವನ್ನಷ್ಟೇ ಅಳೆಯುವವರಿಗೆ ಇದ್ಯಾವುದೂ ಕಾಣುವುದಿಲ್ಲ.

ನಿಮ್ಮ ಪ್ರಾಜೆಕ್ಟಿನಲ್ಲಿ ಇದನ್ನು ಮಾಡುವ ಸರಳ ದಾರಿಯೆಂದರೆ ಬೆಳಕು ಹೊಮ್ಮಿಸುವ ಕಿಣ್ವವಾದ ಲೂಸಿಫರೇಸ್‌ನ ಜೀನಿನ ಹಿಂದೆ ಗುರಿಯ ಹಿಂತುದಿಯನ್ನು ಜೋಡಿಸಿ ಎಸ್2 ಜೀವಕೋಶಗಳಲ್ಲಿ ಪರೀಕ್ಷಿಸುವುದು. ಸರಿಯಾದ ಸಾಲು ಇರುವುದೂ ಕೆಡಿಸಿದ ಸಾಲು ಇರುವುದೂ ಎರಡನ್ನೂ ಪ್ರೋಟೀನು ಇರುವಾಗ ಮತ್ತು ತಗ್ಗಿಸಿದಾಗ ಅಳೆದರೆ ನಾಲ್ಕು ಅಂಕಿಗಳು ಸಿಗುತ್ತವೆ. ಸರಿಯಾದ ಸಾಲಿನಲ್ಲಿ ಮಾತ್ರ ವ್ಯತ್ಯಾಸ ಕಂಡು, ಕೆಡಿಸಿದ ಸಾಲಿನಲ್ಲಿ ಪ್ರೋಟೀನು ಇದ್ದರೂ ಇಲ್ಲದಿದ್ದರೂ ಒಂದೇ ಬೆಳಕು ಬಂದರೆ ನಿಮ್ಮ ಊಹೆ ಗೆದ್ದಿತು. ಪ್ರತಿ ಬಾರಿಯೂ ಲೂಸಿಫರೇಸ್‌ನ ಆರ್‌ಎನ್‌ಎಯನ್ನೂ ಅಳೆದರೆ ಅನುವಾದ ನಿಂತಿತೋ ಆರ್‌ಎನ್‌ಎಯೇ ನಾಶವಾಯಿತೋ ಎಂಬುದು ತಿಳಿಯುತ್ತದೆ.

ಪ್ರಯೋಗಾಲಯವಿಲ್ಲದವರಿಗೆ

ಕಂಪ್ಯೂಟರು ಮತ್ತು ಇಂಟರ್‌ನೆಟ್ ಮಾತ್ರ ಇರುವವರು ಪಸಿಲಾ ಎಂಬ ಪ್ರೋಟೀನಿನ ದತ್ತಾಂಶದಿಂದ ಆರಂಭಿಸಬಹುದು. ಸಸ್ತನಿಗಳ ನರಕೋಶಗಳಲ್ಲಿರುವ ನೋವಾ ಪ್ರೋಟೀನಿಗೆ ಸಮನಾದ ಇದನ್ನು ಎಸ್2 ಜೀವಕೋಶಗಳಲ್ಲಿ ಆರ್‌ಎನ್‌ಎಐಯಿಂದ ತಗ್ಗಿಸಿ ಮಾಡಿದ ಸೀಕ್ವೆನ್ಸಿಂಗ್ 2011ರಲ್ಲಿ ಪ್ರಕಟವಾಯಿತು, ಅದರ ಅಂಕಿಅಂಶಗಳು ಎಲ್ಲರಿಗೂ ಮುಕ್ತವಾಗಿವೆ. ಗ್ಯಾಲಕ್ಸಿ ಎಂಬ ಉಚಿತ ವೇದಿಕೆಯಲ್ಲಿ, ಒಂದು ಸಾಲು ಪ್ರೋಗ್ರಾಮ್ ಬರೆಯದೆ, ಯಾವ ಎಕ್ಸಾನುಗಳು ಹೆಚ್ಚು ಸೇರಿವೆ, ಯಾವುವು ಬಿಟ್ಟುಹೋಗಿವೆ ಎಂದು ನೀವೇ ಲೆಕ್ಕ ಹಾಕಬಹುದು. ಪಟ್ಟಿಯಲ್ಲಿ ಬರುವ ಜೀನುಗಳಲ್ಲಿ ಹಲವು ಪಸಿಲಾದಿಂದ ನೇರವಾಗಿ ಅಲ್ಲದೆ ಬೇರೊಂದರ ಮೂಲಕ ಬದಲಾದವು ಎಂಬುದನ್ನು ನೆನಪಿಟ್ಟು, ಏಳನೆಯ ಹೆಜ್ಜೆಯ ಪುರಾವೆ ಇರುವುದನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ.

ಕೆಲಸ ಮುಗಿದ ಮೇಲೆ

ಪ್ರಾಜೆಕ್ಟು ಒಪ್ಪಿಸಿದ ಕೂಡಲೇ ಬಾಟಲಿಗಳನ್ನು ತೊಳೆದಿಡುವ ಅಭ್ಯಾಸ ಬಿಡಬೇಕು. ನೀವು ಅಡ್ಡತಳಿಯಿಂದ ಕಟ್ಟಿದ ನೊಣಗಳು ಮುಂದಿನ ತಂಡದ ವಿದ್ಯಾರ್ಥಿಗೆ ತಿಂಗಳುಗಳ ಕೆಲಸವನ್ನು ಉಳಿಸುತ್ತವೆ. 18 ಡಿಗ್ರಿಯಲ್ಲಿ ಇಟ್ಟರೆ ಒಂದು ತಲೆಮಾರಿಗೆ ಹಿಡಿಯುವ ಸಮಯ ಸುಮಾರು ಇಮ್ಮಡಿಯಾಗುವುದರಿಂದ ಬಾಟಲಿ ಬದಲಿಸುವ ಶ್ರಮವೂ ಕಡಿಮೆ. ಪ್ರತಿ ತಳಿಯನ್ನೂ ಎರಡು ಬಾಟಲಿಗಳಲ್ಲಿ, ಸಾಧ್ಯವಾದರೆ ಎರಡು ಇನ್‌ಕ್ಯುಬೇಟರುಗಳಲ್ಲಿ ಇಟ್ಟು, ಬಾಟಲಿಯ ಮೇಲೆ ತಂದೆ ತಾಯಿ ತಳಿಗಳ ಪೂರ್ತಿ ಹೆಸರು, ಬದಲಿಸಿದ ದಿನಾಂಕ, ಯಾವ ಗ್ಯಾಲ್4 ಎಂಬ ವಿವರವನ್ನು ಅಳಿಸದ ಶಾಯಿಯಲ್ಲಿ ಬರೆಯಿರಿ. ಉಳಿದ ಆರ್‌ಎನ್‌ಎಯನ್ನು ಅದೇ ಗುರುತಿನೊಂದಿಗೆ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿಟ್ಟು ವಿಭಾಗದ ದಾಖಲೆ ಪುಸ್ತಕದಲ್ಲಿ ಅದರ ಜಾಗವನ್ನು ನಮೂದಿಸಿ.